ತಿರುಗುವ ವೇದಿಕೆಯ ಮೇಲೆ ತೂಕದ ಮನುಷ್ಯರು

ಕಾಲೇಜಿನ ಹೊಸ ಸಭಾಂಗಣಕ್ಕೆ ತಿರುಗುವ ವೇದಿಕೆಯೇ ಬೇಕೆಂದು ಪಟ್ಟು ಹಿಡಿದವರು ಆಡಳಿತ ಮಂಡಳಿಯ ಅಧ್ಯಕ್ಷರು. ಭಾಷಣ ಮಾಡುವಾಗ ತಮ್ಮ ಮುಖ ಎಲ್ಲರಿಗೂ ಕಾಣುವುದಿಲ್ಲವೆಂಬ ಕೊರಗು ಅವರನ್ನು ಬಹಳ ದಿನದಿಂದ ಕಾಡುತ್ತಿತ್ತು. ಅಂತೂ ದುಂಡನೆಯ ಮರದ ವೇದಿಕೆ ಸಿದ್ಧವಾಯಿತು. ಕೆಳಗೆ ಮೋಟಾರು, ಸುತ್ತಲೂ ಜನ ಕೂರಲು ಜಾಗ. ಇನ್ನು ಅಧ್ಯಕ್ಷರು ಯಾರಿಗೂ ಬೆನ್ನು ತೋರಿಸಬೇಕಾಗಿಲ್ಲ. ಅಂದರೆ, ಎಲ್ಲರಿಗೂ ಸರದಿಯ ಮೇಲೆ ತೋರಿಸಬಹುದು.

ಅವರ ತಂಗಿಯ ಗಂಡ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹೆಣ್ಣು ಕೊಟ್ಟದ್ದೂ ಭಾವ, ಕೆಲಸ ಕೊಡಿಸಿದ್ದೂ ಭಾವ. ಹಾಗಾಗಿ 'ಹೌದು ಭಾವ' ಎಂಬ ಮಾತು ಮೇಷ್ಟ್ರ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಹೊರಡುತ್ತಿತ್ತು. ತಿರುಗುವ ತಟ್ಟೆಯ ಮೇಲಿಟ್ಟ ನಾಣ್ಯ ಯಾವಾಗ ಜಾರುತ್ತದೆ ಎಂಬ ಲೆಕ್ಕವನ್ನು ಅವರು ವರ್ಷಾನುಗಟ್ಟಲೆ ಕಪ್ಪುಹಲಗೆಯ ಮೇಲೆ ಬಿಡಿಸಿದ್ದರು. ಅಂಥ ತಟ್ಟೆಯನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

"ಮೇಷ್ಟ್ರೇ, ಅಪಾಯ ಏನೂ ಇಲ್ಲ ತಾನೇ?" ಅಧ್ಯಕ್ಷರು ಕೇಳಿದರು.

"ಇಲ್ಲ ಭಾವ. ಕುರ್ಚಿ ಕಾಲಿಗೂ ನೆಲಕ್ಕೂ ನಡುವೆ ಘರ್ಷಣೆ ಇದೆಯಲ್ಲ, ಅದು ಹಿಡ್ಕೊಂಡಿರುತ್ತೆ. ನಿಧಾನಕ್ಕೆ ತಿರುಗಿಸಿದ್ರೆ ಆಯ್ತು. ಆದರೆ ಅಂಚಿಗೆ ಹೋದಷ್ಟೂ ಜಾರೋದು ಸುಲಭ. ನೀವು ನಟ್ಟನಡುವೆ ಕೂತುಬಿಡಿ."

"ನಡುವೆ ಕೂತು ಬೇರೆಯವರ ತಲೆ ಹಿಂದೆ ಮರೆಯಾಗ್ಲಾ? ನಾನು ತೂಕದ ಮನುಷ್ಯ ಕಣ್ರೀ. ಜಾರೋದೇನಿದ್ರೂ ನಿಮ್ಮಂಥ ಕಡ್ಡಿಪೈಲ್ವಾನರು."

ಜಾರುವುದಕ್ಕೂ ತೂಕಕ್ಕೂ ಸಂಬಂಧವಿಲ್ಲ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಹೊರಬಂದದ್ದು ಮಾತ್ರ 'ಹೌದು ಭಾವ'.

ಅಧ್ಯಕ್ಷರು ಅಂಚಿಗೆ ಹೋದ ಮೇಲೆ ಉಪಾಧ್ಯಕ್ಷರು ನಡುವೆ ಕೂರುತ್ತಾರೆಯೇ? "ನನ್ನ ಮೂಲೆಗುಂಪು ಮಾಡ್ಬೇಕಂತಿದೀರಾ?" ಎಂದು ಅವರು ಕೂಗಾಡಿದರು. ದುಂಡನೆಯ ವೇದಿಕೆಗೆ ಮೂಲೆಯೇ ಇಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಾರ್ಯದರ್ಶಿಯೂ ಖಜಾಂಚಿಯೂ ಅವರ ಹಿಂದೆಯೇ ಅಂಚಿಗೆ ಕುರ್ಚಿ ಎಳೆದುಕೊಂಡರು. ನಡುವಿನ ಜಾಗ ಬಿದ್ದ ಹಲ್ಲಿನ ಸಂದಿನ ಹಾಗೆ ಬೋಳುಬೋಳಾಗಿ ಕಂಡಿತು. ಕೊನೆಗೆ ಅದನ್ನು ತುಂಬಲು ಮೇಷ್ಟ್ರನ್ನೇ ಕೂರಿಸುವುದೆಂದಾಯಿತು.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ಊಟದ ತಟ್ಟೆಯ ಪಕ್ಕ ಕಾಗದ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಒರಟು ಮರಕ್ಕೆ ಪುಸ್ತಕದಲ್ಲಿ ಕೊಟ್ಟ ಘರ್ಷಣೆಯ ಅಂಕಿಯನ್ನೇ ತೆಗೆದುಕೊಂಡಿದ್ದರು. ಹೆಂಡತಿ ಸಡಗರದಿಂದ ಒಳಬಂದಳು. ಸಭಾಂಗಣದ ಅಂದಚೆಂದವೆಲ್ಲ ಅವಳ ಉಸ್ತುವಾರಿ.

"ವೇದಿಕೆ ನೆಲಕ್ಕೆ ಮೇಣ ಹಾಕಿ ಉಜ್ಜಿಸಿದೀನಿ ಕಣ್ರೀ, ಮುಖ ನೋಡ್ಕೋಬಹುದು! ಗೀಚು ಬೀಳಬಾರದು ಅಂತ ಕುರ್ಚಿ ಕಾಲಿಗೆಲ್ಲ ಉಣ್ಣೆಬಟ್ಟೆ ಕಟ್ಟಿಸಿದೀನಿ."

"ಭೇಷ್," ಎಂದರು ಮೇಷ್ಟ್ರು, ತಲೆ ಎತ್ತದೆ. ಲೆಕ್ಕದ ಉತ್ತರ ಬಹಳ ಚೆನ್ನಾಗಿ ಬಂದಿತ್ತು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆ ಮೆಲ್ಲಗೆ ತಿರುಗತೊಡಗಿತು. ಅಧ್ಯಕ್ಷರು ಧ್ವನಿವರ್ಧಕ ಹಿಡಿದು, ಕೂತಲ್ಲಿಂದಲೇ ಭಾಷಣ ಶುರುಮಾಡಿದರು. ಆದರೆ ಅವರ ಬೆನ್ನು ಯಾರ ಕಡೆಗಿರುತ್ತದೋ ಆ ಕಡೆಯವರು ಹರಟೆಗೆ ಕೂರುತ್ತಿದ್ದರು. ಮುಖ ಬರುವಷ್ಟರಲ್ಲಿ ಕೆಲವರು ಎದ್ದೇ ಹೋಗಿರುತ್ತಿದ್ದರು. ಅಧ್ಯಕ್ಷರ ಸಹನೆ ಮೀರಿತು. ಮೋಟಾರಿನವನಿಗೆ ಬೆರಳಾಡಿಸಿ, ಜೋರು ಮಾಡು ಎಂದು ಸನ್ನೆ ಮಾಡಿದರು. ಅವನು ಮಾಡಿದ. ಇನ್ನೂ ಜೋರು ಎಂದರು. ಅವನು ಇನ್ನೂ ಮಾಡಿದ.

ನಡುವೆ ಕೂತ ಮೇಷ್ಟ್ರಿಗೆ ಮೊದಲು ಕಂಡದ್ದು ಕುರ್ಚಿಯ ಕಾಲುಗಳ ಉಣ್ಣೆಬಟ್ಟೆ. ಹೆಂಡತಿ ಹೇಳಿದ ಮೇಣ ಆಗ ನೆನಪಾಯಿತು. "ನಿಲ್ಸಪ್ಪಾ!" ಎಂದು ಕಿರುಚಿದರು.

"ಈ ಸಂಸ್ಥೆಯ ನೆಲೆ ಎಂದೂ ಅಲುಗಾಡದು..." ಎನ್ನುತ್ತಿದ್ದಂತೆ ಅಧ್ಯಕ್ಷರ ಕುರ್ಚಿ ಅಲುಗಾಡಿತು. ಅವರೂ ಕಾರ್ಯದರ್ಶಿಯೂ ಉಪಾಧ್ಯಕ್ಷರೂ ಖಜಾಂಚಿಯೂ ಮಾತಾಡಿಕೊಂಡವರಂತೆ ಒಟ್ಟಿಗೇ ಜಾರಿ, ಕುರ್ಚಿ ಸಮೇತ ನಾಲ್ಕು ದಿಕ್ಕಿಗೆ ಹಾರಿ, ಮೊದಲ ಸಾಲಿನವರ ಮಡಿಲು ಸೇರಿದರು. ಯಾರೋ ಚಪ್ಪಾಳೆ ತಟ್ಟಿದರು. ಖಾಲಿ ವೇದಿಕೆಯ ನಟ್ಟನಡುವೆ ಮೇಷ್ಟ್ರೊಬ್ಬರೇ, ಕೂತ ಜಾಗ ಕದಲದೆ, ಸುತ್ತುತ್ತ ಉಳಿದರು. ಹೆದರಿದ ಮೋಟಾರಿನವನಿಗೆ ನಿಲ್ಲಿಸುವ ಗುಂಡಿ ಸಿಗುವವರೆಗೂ ಊರೆಲ್ಲ ಅವರನ್ನು ಸುತ್ತಲಿಂದ ನೋಡಿತು.

ಆಸ್ಪತ್ರೆಯಲ್ಲಿ ಅಧ್ಯಕ್ಷರ ಕಾಲಿಗೆ ಪಟ್ಟಿ ಬಿದ್ದಿತ್ತು. ಪಕ್ಕದ ಮಂಚದಲ್ಲಿ ಉಪಾಧ್ಯಕ್ಷರಿದ್ದರು. ಹೆಂಡತಿಯೊಡನೆ ಒಳಬಂದ ಮೇಷ್ಟ್ರನ್ನು ಕಂಡು ಅಧ್ಯಕ್ಷರು ಹಲ್ಲು ಕಡಿದರು.

"ನೀವೊಬ್ಬರೇ ಹೇಗ್ರೀ ಉಳ್ಕೊಂಡ್ರಿ?"

"ನಡುವೆ ಇದ್ದೆ, ಭಾವ. ಅಲ್ಲಿರೋನು ಬರೀ ತಿರುಗ್ತಾನೆ, ಜಾರಲ್ಲ."

"ಹೋಗ್ಲಿ, ಆ ಕಾರ್ಯದರ್ಶಿ ನನ್ನ ಅರ್ಧ ತೂಕಾನೂ ಇಲ್ಲ. ಇಬ್ರೂ ಒಟ್ಟಿಗೆ ಜಾರಿದ್ದು ಹೇಗೆ?"

"ತೂಕ ಹೆಚ್ಚಾದ್ರೆ ನೆಲದ ಹಿಡಿತಾನೂ ಹೆಚ್ಚು, ಹೊರಗೆ ತಳ್ಳೋದೂ ಹೆಚ್ಚು. ಲೆಕ್ಕ ಹಾಕುವಾಗ ತೂಕ ಎರಡೂ ಕಡೆ ಹೊಡೆದುಹೋಗುತ್ತೆ ಭಾವ."

"ನನ್ನ ತೂಕಾನ ಹೊಡೆದೋರು ಯಾರ್ರೀ?" ಅಧ್ಯಕ್ಷರು ಗುಡುಗಿದರು.

"ನಾನಂತೂ ಅಲ್ಲ," ಎಂದು ಉಪಾಧ್ಯಕ್ಷರು ಪಟ್ಟಿ ಕಟ್ಟಿದ ಕೈ ಎತ್ತಿದರು.

ಮೇಷ್ಟ್ರಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. "ತಪ್ಪು ನಂದೇ ಭಾವ. ಪುಸ್ತಕ ನೋಡಿದೆ, ನೆಲ ನೋಡ್ಲಿಲ್ಲ. ತೂಕದ ವಿಷಯಾನೂ ಅವತ್ತೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ."

"ಮೇಣ ಹಾಕಿಸಿದ್ದು, ಬಟ್ಟೆ ಕಟ್ಟಿಸಿದ್ದು ನಾನು. ಜೋರು ಮಾಡಿಸಿದ್ದು ನೀನು," ಎಂದಳು ಹೆಂಡತಿ. "ಸುಮ್ನೆ ಇವರ ಮೇಲೆ ಯಾಕೆ ರೇಗ್ತೀಯ ಅಣ್ಣ?"

ಅಧ್ಯಕ್ಷರು ಗೋಡೆಯ ಕಡೆ ತಿರುಗಿ ಮಲಗಿದರು.

ತನಿಖೆ ನಡೆಯಿತು. ವೇದಿಕೆಯ ಮೇಲೆ ಘರ್ಷಣೆ ಇಲ್ಲದ್ದೇ ಅವಘಡಕ್ಕೆ ಕಾರಣವೆಂದು ವರದಿ ಬಂತು. ಆಡಳಿತ ಮಂಡಳಿ ಇದನ್ನು ಹೊಗಳಿಕೆಯೆಂದೇ ತಿಳಿದು ಒಮ್ಮತದಿಂದ ಒಪ್ಪಿಕೊಂಡಿತು. ಮೋಟಾರು ಕಳಚಿ ಗುಜರಿಗೆ ಹೋಯಿತು.

ಮುಂದಿನ ಸಭೆಯ ಹೊತ್ತಿಗೆ ವೇದಿಕೆ ಬಂಡೆಯಂತೆ ನಿಂತಿತ್ತು. ಆದರೂ ನಡುವಿನ ಜಾಗಕ್ಕೆ ಭಾರೀ ಬೇಡಿಕೆ. ಕುಂಟುತ್ತ ಬಂದ ಅಧ್ಯಕ್ಷರು ಅಲ್ಲಿಗೇ ಕುರ್ಚಿ ಹಾಕಿಸಿದರು. ಉಪಾಧ್ಯಕ್ಷರು ತಮ್ಮದನ್ನು ಅದಕ್ಕೆ ಒತ್ತರಿಸಿದರು, ಉಳಿದಿಬ್ಬರು ಸಂದಿಯಲ್ಲಿ ತೂರಿಕೊಂಡರು. ಮೊಣಕಾಲಿಗೆ ಮೊಣಕಾಲು ತಾಗಿ, ಒಬ್ಬರ ಉಸಿರು ಇನ್ನೊಬ್ಬರ ಕಿವಿಗೆ ಬಡಿಯುತ್ತಿತ್ತು. ಸುತ್ತಲೂ ಅಷ್ಟಗಲ ವೇದಿಕೆ ಖಾಲಿ ಹೊಡೆಯುತ್ತಿತ್ತು.

ಮೇಷ್ಟ್ರು ಕೊನೆಯ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದರು.

"ಹೇಳಬಾರದಾ ಅವರಿಗೆ, ಈಗ ಎಲ್ಲಿ ಕೂತ್ರೂ ಒಂದೇ ಅಂತ?" ಅವಳು ಪಿಸುಗುಟ್ಟಿದಳು.

"ಹೇಳಿದೆ. ಬೆಳಿಗ್ಗೆನೇ ಹೋಗಿ ಹೇಳಿದೆ," ಎಂದರು ಮೇಷ್ಟ್ರು. "ನನಗೆ ಆ ಜಾಗದ ಮೇಲೆ ಕಣ್ಣಿದೆಯಂತೆ."