ಕೆಳಗಿನ ಗೀಟು

ನಮ್ಮ ಬೀದಿಯ ಬಡಗಿ ಒಮ್ಮೆ ತೇಗದ ಮರವೊಂದನ್ನು ಗುರಾಯಿಸಿ ನೋಡಿದ. ಮರ ಹೆದರಿ ಗಡಗಡ ನಡುಗಿ, ತನ್ನಷ್ಟಕ್ಕೆ ತಾನೇ ಹಲಗೆ ಹಲಗೆಯಾಗಿ ಅವನ ಕಾಲ ಬಳಿ ಬಂದು ಒಪ್ಪವಾಗಿ ಪೇರಿಸಿಕೊಂಡು ಕೂತಿತು. ನಂಬದವರು ಅವನನ್ನೇ ಕೇಳಬಹುದು. ಕೇಳಿದರೆ ಒಂದು ಮರ ಏಳಾಗುತ್ತದೆ, ಅಷ್ಟೆ. ಬೀದಿಯವರು ಅವನನ್ನು ಬಡಾಯಿ ಬಡಗಿ ಎಂದು ಕರೆದದ್ದು ಸುಮ್ಮನೆ ಅಲ್ಲ.

ಇಂಥವನ ಹೆಂಡತಿ ಐದು ದಿನದ ಮಟ್ಟಿಗೆ ಅಕ್ಕನ ಊರಿಗೆ ಹೊರಟಳು. ಅಕ್ಕ ಮನೆ ಬದಲಾಯಿಸುತ್ತಿದ್ದಳು, ಸಾಮಾನು ಜೋಡಿಸಲು ಕೈ ಬೇಕಿತ್ತು.

“ನನ್ನ ನೆನಪು ಬರುತ್ತೇನ್ರೀ?” ಹೊಸಿಲಲ್ಲಿ ನಿಂತು ಕೇಳಿದಳು.

“ನಿನ್ನದಾ? ಪುರುಸೊತ್ತೆಲ್ಲಿದೆ ಕಣೇ ಗುಬ್ಬಿ! ವಕೀಲರ ಆರು ಕುರ್ಚಿ ಮೈಮೇಲಿದೆ.”

ಹನ್ನೊಂದು ವರ್ಷದಿಂದ ಅವಳು ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಗಿಲಲ್ಲಿ ನಿಂತು ಕೇಳಿದ್ದಳು. ಒಂದು ಸಲವೂ ನೆಟ್ಟಗೆ ಉತ್ತರ ಸಿಕ್ಕಿರಲಿಲ್ಲ.

ಬಸ್ಸು ತಿರುವು ದಾಟಿದ್ದೇ ತಡ, ಮನೆ ಮೈದಾನದಷ್ಟು ಅಗಲವಾಯಿತು. ಅಡುಗೆಮನೆಯಿಂದ ಹಜಾರಕ್ಕೆ ನಡೆದು ನಡೆದು ಬಡಗಿಯ ಚಪ್ಪಲಿ ಸವೆದು ಕಾಗದವಾಯಿತು. ಮೂರನೆಯ ದಿನಕ್ಕೆ ಅವಳ ತಲೆದಿಂಬು ಕೂಡ ಅವನಿಗೆ ಬೆನ್ನು ಹಾಕಿ ಮಲಗತೊಡಗಿತು. ಫೋನಿನಲ್ಲಿ ಮಾತ್ರ ಅವನು ಹುಲಿ. “ರಾಜನ ಹಾಗಿದೀನಿ! ನೀನು ಹೋಗಿದ್ದೇ ಗೊತ್ತಾಗಿಲ್ಲ.”

ಟೇಪು ಹಿಡಿಯುವುದೆಂದರೆ ಅವನಿಗೆ ಅವಮಾನ. ಅವನದು ಒಂದೇ ಅಳತೆ ಕೋಲು, ಅದರಲ್ಲಿ ಎರಡು ಗೀಟು. ಮೇಲಿನದು ಹದಿನೆಂಟು ಇಂಚು; ಲೋಕದ ಜನರೆಲ್ಲ ಕೂರುವ ಎತ್ತರ. ಕೆಳಗಿನದು ಹದಿನಾಲ್ಕು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಕಾಲು ನೆಲಕ್ಕೆ ಎಟುಕದೆ ತೂಗಾಡುವುದನ್ನು ಕಂಡು, ಅವಳೊಬ್ಬಳಿಗಾಗಿ ಕೊರೆದಿಟ್ಟ ಗೀಟು ಅದು.

ಐದನೆಯ ದಿನ ಮಧ್ಯಾಹ್ನ ವಕೀಲರು ಬಂದರು. ದೀಪದ ಕಂಬಕ್ಕೆ ಅಣ್ಣನಾಗಬೇಕಾದ ಆಸಾಮಿ. ಹೊಸ ಕುರ್ಚಿಯಲ್ಲಿ ಕೂತರು. ಮಂಡಿ ಗಲ್ಲಕ್ಕೆ ಬಡಿಯಿತು. ಎದ್ದು ಇನ್ನೊಂದರಲ್ಲಿ ಕೂತರು. ಅದೂ ಅಷ್ಟೇ.

“ಏನಯ್ಯಾ ಇದು? ನನ್ನ ಕಕ್ಷಿದಾರರು ಶಿಶುವಿಹಾರದಿಂದ ಬರ್ತಾರೆ ಅಂದ್ಕೊಂಡ್ಯಾ?”

“ಹೊಸ ಫ್ಯಾಷನ್ ಸಾರ್. ದೊಡ್ಡ ದೊಡ್ಡ ಜಡ್ಜುಗಳೇ ಈಗ ಹೀಗೆ ಕೂರೋದು.”

“ನನ್ನ ಮುಂದೇನಾ ನಿನ್ನ ಬಡಾಯಿ!”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಡಗಿಯ ಕೈಯೆಲ್ಲ ಅಂಟು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದ.

“ರೀ, ಅಕ್ಕ ಇನ್ನೂ ಎಂಟು ದಿನ ಇದ್ದು ಹೋಗು ಅಂತಿದಾಳೆ. ನಾಳೆಯ ಟಿಕೆಟ್ ಕ್ಯಾನ್ಸಲ್ ಮಾಡಲಾ? ನಿಮಗೆ ಹೇಗೂ ನನ್ನ ನೆನಪೇ ಇಲ್ವಲ್ಲ.”

ಬಡಗಿಗೆ ಐದು ದಿನವೇ ಸಾಕುಬೇಕಾಗಿತ್ತು. ಎಂಟು ದಿನ! ಆದರೆ ನಾಲಿಗೆ ಹಳೆಯ ಚಾಳಿ ಬಿಡಬೇಕಲ್ಲ. “ಇರು, ಇರು. ತಿಂಗಳು ಬೇಕಾದ್ರೂ ಇರು. ನನಗೇನು...”

“ಇರಬೇಡ ತಾಯೀ!” ಗಿಡ್ಡ ಕುರ್ಚಿಯಲ್ಲಿ ಕೂತಲ್ಲಿಂದಲೇ ವಕೀಲರು ಕೂಗಿದರು. “ನಿನ್ನ ಗಂಡ ನನಗೆ ಗೊಂಬೆ ಕುರ್ಚಿ ಮಾಡಿಟ್ಟಿದಾನೆ!”

ಹೆಂಡತಿ ವಕೀಲರನ್ನೇ ಕೇಳಿದಳು: “ಎಷ್ಟು ಎತ್ತರ ಇದೆ ಸಾರ್?”

ವಕೀಲರು ಮೂಲೆಯಲ್ಲಿದ್ದ ಕೋಲು ತಂದು ಕುರ್ಚಿಗೆ ಒರಗಿಸಿದರು. “ಕೆಳಗಡೆ ಒಂದು ಗೀಟಿದೆ ನೋಡು, ಅಲ್ಲಿಗೆ.”

ಆ ಗೀಟು ಯಾರದೆಂದು ಅವಳಿಗೆ ಗೊತ್ತಿತ್ತು.

“ಒಂದು ಕುರ್ಚಿನಾ?”

“ಆರೂ.”

“ರೀ,” ದನಿ ಮೆತ್ತಗಾಗಿತ್ತು, ಒಳಗೆಲ್ಲೋ ನಗುವೂ ಇತ್ತು. “ಆರೂನಾ?”

ಬಡಗಿ ಸುಳ್ಳು ಹುಡುಕಿದ. ಮರವೇ ಹೆದರಿ ಕುಗ್ಗಿತು ಎನ್ನೋಣವೆಂದು ಬಾಯಿ ತೆರೆದ. ವಕೀಲರು ಮತ್ತೆ ಕೂತು, ಮಂಡಿಯ ಮೇಲೆ ಗಲ್ಲವಿಟ್ಟು ಅವನನ್ನೇ ನೋಡುತ್ತಿದ್ದರು.

“ಇಲ್ಲ ಕಣೇ,” ಎಂದ. “ಯಾವ ಮರಾನೂ ಹೆದರಲಿಲ್ಲ. ಅದನ್ನ ದುಡ್ಡು ಕೊಟ್ಟು ಮಿಲ್ಲಲ್ಲಿ ಕೊಯ್ಸಿದ್ದು. ಹೆದರಿದೋನು ನಾನು. ದಿನಾ ಎರಡು ಲೋಟ ಟೀ ಮಾಡ್ತೀನಿ, ಒಂದು ಆರಿ ಹೋಗುತ್ತೆ. ಕೋಲು ಎತ್ತಿದಾಗೆಲ್ಲ ಕೈ ನಿನ್ನ ಗೀಟಿಗೇ ಹೋಗುತ್ತೆ. ತುಂಬಾ ನೆನಪಾಗ್ತೀಯ. ಟಿಕೆಟ್ ಮುಟ್ಟಬೇಡ, ಬಾ.”