ನಾದಿನಿಯ ಸೀಬೆಹಣ್ಣು

ನಾದಿನಿಯನ್ನು ತಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಸೇರಿಸಿದ್ದು ಅತ್ತಿಗೆಯೇ. "ಇಷ್ಟು ಓದಿದ ಹುಡುಗಿ ಮನೇಲಿ ಕೂತು ಏನು ಮಾಡ್ತಾಳೆ? ನಮ್ಮಲ್ಲೇ ಒಂದು ಜಾಗ ಖಾಲಿ ಇದೆ" ಎಂದು ಗಂಡನಿಗೆ ಹೇಳಿ, ನಿರ್ದೇಶಕರನ್ನು ತಾನೇ ಬಾಯಿಬಿಟ್ಟು ಕೇಳಿ, ಮೊದಲ ದಿನ ಬಿಳಿ ಕೋಟಿನ ಗುಂಡಿ ಹಾಕಿಕೊಟ್ಟವಳೂ ಅವಳೇ. ಹುಡುಗಿ ಅಲ್ಲೂ "ಅತ್ತಿಗೆ, ಅತ್ತಿಗೆ" ಎಂದು ಬೆನ್ನು ಹತ್ತಿದ್ದರಿಂದ ಇಡೀ ಪ್ರಯೋಗಾಲಯಕ್ಕೇ ಅವಳು ಅತ್ತಿಗೆಯಾದಳು. ಒಮ್ಮೆ ನಿರ್ದೇಶಕರೂ ಬಾಯ್ತಪ್ಪಿ ಹಾಗೆ ಕರೆದು, ಕೆಮ್ಮಿ, ಮಾತು ಬದಲಿಸಿದ್ದರು.

ಕಿತ್ತ ಹಣ್ಣು ಬೇಗ ಕೊಳೆಯದಂತೆ ದಾರಿ ಹುಡುಕುವುದು ಅಲ್ಲಿನ ಕೆಲಸ. ಕಿಟಕಿಯಾಚೆ ಸಗಟು ಮಾರುಕಟ್ಟೆ. ಬೆಳಿಗ್ಗೆ ಲಾರಿಯಿಂದ ಇಳಿದ ಸೀಬೆಹಣ್ಣಿನಲ್ಲಿ ಎಷ್ಟೋ ಪಾಲು ಸಂಜೆಗೆ ಕಸದ ಗಾಡಿ ಹತ್ತುವುದನ್ನು ಅತ್ತಿಗೆ ವರ್ಷಗಟ್ಟಲೆ ನೋಡಿದ್ದಳು. ಕಾಳಿನ ಪ್ರೋಟೀನಿನಿಂದ ಅವಳೊಂದು ತೆಳು ಲೇಪ ಮಾಡಿದ್ದಳು. ಅದನ್ನು ಬಳಿದ ಹಣ್ಣು ಹೆಚ್ಚು ದಿನ ಬಾಳುತ್ತಿತ್ತು, ನಿಜ. ತೇವ ತಾಗಿದರೆ ಮಾತ್ರ ಲೇಪ ಹಪ್ಪಳೆ ಹಪ್ಪಳೆಯಾಗಿ ಏಳುತ್ತಿತ್ತು. ಅದನ್ನು ಸರಿಪಡಿಸುವುದರಲ್ಲೇ ಅವಳಿಗೆ ಕನ್ನಡಕ ಬಂದಿತ್ತು.

ನಾದಿನಿ ಲೇಪದ ಗೊಡವೆಗೇ ಹೋಗಲಿಲ್ಲ. ಮಾಗುವ ಹಣ್ಣು ತಾನೇ ಒಂದು ಅನಿಲ ಬಿಡುತ್ತದೆ. ಅದು ತನ್ನನ್ನೂ ಪಕ್ಕದ ಹಣ್ಣನ್ನೂ ಮಾಗಿಸಿ, ಕೊನೆಗೆ ಕೊಳೆಯುವ ದಾರಿ ಹಿಡಿಸುತ್ತದೆ. ಆ ಅನಿಲಕ್ಕೆ ಕಾರಣವಾದ ಜೀನನ್ನು ಕೆಲಕಾಲ ಮಲಗಿಸುವ ದ್ರವವೊಂದನ್ನು ಅವಳು ತಯಾರಿಸಿ ಕಾಯಿಗಳಿಗೆ ಸಿಂಪಡಿಸಿದಳು. ವಾರಗಳು ಕಳೆದರೂ ಅವು ಆಗಷ್ಟೇ ಗಿಡದಿಂದ ಕಿತ್ತಂತೆ ಕಪಾಟಿನಲ್ಲಿ ಕೂತಿದ್ದವು. ನಿರ್ದೇಶಕರು ಹೋಗುತ್ತ ಬರುತ್ತ ಆ ಕಪಾಟು ತೆರೆದು ನೋಡುತ್ತಿದ್ದರು. ಅತ್ತಿಗೆಯ ಮೇಜಿನ ಬಳಿ ಅವರು ಎರಡು ನಿಮಿಷ ನಿಂತು ಮಾತಾಡಿಸುವುದು ನಿಂತೇಹೋಯಿತು.

ಮನೆಯಲ್ಲೂ ಅದೇ ಪುರಾಣ. "ನಮ್ಮ ಹುಡುಗಿ ಸೇರಿ ಇನ್ನೂ ಚಪ್ಪಲಿ ಸವೆದಿಲ್ಲ, ಆಗ್ಲೇ ನೋಡು! ಕೆಲವ್ರು ವರ್ಷಾನುಗಟ್ಟಲೆ..." ಎಂದು ಅತ್ತೆ ಊಟ ಬಡಿಸುತ್ತ ಮಾತು ಅರ್ಧಕ್ಕೆ ನಿಲ್ಲಿಸಿದರು. ಗಂಡ ತಂಗಿಯ ಬೆನ್ನು ತಟ್ಟಿದ. "ಏನಮ್ಮಾ, ಅತ್ತಿಗೇನೇ ಮೀರಿಸಿಬಿಟ್ಯಲ್ಲ!"

ಅತ್ತಿಗೆಯೂ ಎಲ್ಲರ ಜೊತೆ ನಕ್ಕಳು. ತಟ್ಟೆಯ ಅನ್ನವನ್ನು ಮಾತ್ರ ಅರ್ಧಕ್ಕೇ ಬಿಟ್ಟು ಎದ್ದಳು. ಅಂದಿನಿಂದ ನಾದಿನಿಯ ಹೆಜ್ಜೆ ಸಪ್ಪಳ ಕೇಳಿದರೂ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹುಡುಗಿ ಹಾಡು ಗುನುಗಿದರೆ ಜಂಬ ಅನ್ನಿಸುತ್ತಿತ್ತು. ಸುಮ್ಮನಿದ್ದರೆ ಇನ್ನೂ ದೊಡ್ಡ ಜಂಬ.

ಎಲ್ಲಾದರೂ ಒಂದು ಹುಳುಕು ಇದ್ದೇ ಇರಬೇಕು ಎಂದು ಅವಳ ಮನಸ್ಸು ಹಟ ಹಿಡಿಯಿತು. ನಾದಿನಿ ಇಲ್ಲದ ಹೊತ್ತು ನೋಡಿ ಕಪಾಟಿನಿಂದ ಒಂದು ಸೀಬೆಯನ್ನು ಜೇಬಿಗಿಳಿಸಿ ಮನೆಗೆ ತಂದಳು. ಅಡುಗೆಮನೆಯ ಡಬ್ಬಗಳ ಹಿಂದೆ ಬಚ್ಚಿಟ್ಟು, ಅದಕ್ಕೆ ಅನಿಲ ತಾಗದಂತೆ ದೂರದ ಕಿಟಕಿಯಲ್ಲಿ ದ್ರವ ಸೋಕದ ಇನ್ನೊಂದು ಕಾಯಿ ಇಟ್ಟಳು. ಆ ಕಾಯಿ ಹಳದಿಯಾಗಿ, ಮೆತ್ತಗಾಗಿ, ಮನೆಯೆಲ್ಲ ಘಮ್ಮೆಂದಿತು. ನಾದಿನಿಯ ಹಣ್ಣಿನ ಸಿಪ್ಪೆಗೂ ಚೂರು ಹಳದಿ ತಿರುಗಿತು, ಅಷ್ಟೇ. ಕೊಯ್ದು ಬಾಯಿಗಿಟ್ಟರೆ ಶುದ್ಧ ಬೆಂಡು. ಸಿಹಿಯಿಲ್ಲ, ವಾಸನೆಯಿಲ್ಲ. ಮಲಗಿಸಿದ ಜೀನು ಎದ್ದೇ ಇರಲಿಲ್ಲ. ಬಣ್ಣ, ಗಟ್ಟಿತನ, ಬೂಷ್ಟು ಎಲ್ಲವನ್ನೂ ಅಳೆದಿದ್ದ ನಾದಿನಿ, ಕಾಯಿ ಉಳಿಸಿದ ಸಂಭ್ರಮದಲ್ಲಿ ಅದನ್ನು ತಿಂದು ನೋಡುವುದನ್ನೇ ಮರೆತಿದ್ದಳು.

ಅತ್ತಿಗೆ ಸಿಂಕಿನ ಮುಂದೆ ನಿಂತು ಒಬ್ಬಳೇ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಯಿತು.

ನಾದಿನಿಯ ಹಣ್ಣು ನೋಡಲು ನಿರ್ದೇಶಕರು ಕರೆದಿದ್ದ ವ್ಯಾಪಾರಿಗಳು ಬರುವ ಹಿಂದಿನ ಸಂಜೆ, ಬಟ್ಟೆ ಮಡಚುತ್ತಿದ್ದ ಅತ್ತಿಗೆಯ ಪಕ್ಕ ನಾದಿನಿ ಬಂದು ಕೂತಳು. "ಅತ್ತಿಗೆ, ಏನಾದ್ರೂ ಬಿಟ್ಟುಹೋಗಿದ್ಯಾ ಹೇಳಿ. ನೀವು ಸರಿ ಅಂದ್ರೆ ನಂಗೆ ಧೈರ್ಯ."

ಅತ್ತಿಗೆಯ ಕೈ ಒಂದು ಅಂಗಿಯ ಮೇಲೆ ನಿಂತಿತು. ಮರುಕ್ಷಣ ಅದರ ತೋಳು ಮಡಚಿದಳು. "ಎಲ್ಲ ಸರಿಯಾಗೇ ಇದೆ. ಹೆದರ್ಬೇಡ."

ಮರುದಿನ ಮಾರುಕಟ್ಟೆಯ ಹಿರಿಯ ವ್ಯಾಪಾರಿ ದೊಡ್ಡ ಹೋಳನ್ನೇ ಬಾಯಿಗೆ ಹಾಕಿಕೊಂಡ. ಅಗಿದ. ಕರವಸ್ತ್ರ ತೆಗೆದು ಅದರೊಳಗೆ ಉಗಿದ.

"ಏನಮ್ಮ, ಇದನ್ನ ತಿನ್ನೋಕೆ ಕೊಟ್ರೋ, ಬಾಟ್ಲಿಗೆ ಬಿರಡೆ ಹಾಕೋಕೆ ಕೊಟ್ರೋ?"

ಜನ ಗೊಳ್ಳೆಂದು ನಕ್ಕರು. ನಾದಿನಿ ತಾನೂ ಒಂದು ಹೋಳು ತಿಂದಳು. ಅವಳ ಮುಖ ಸುಣ್ಣದಂತಾಯಿತು. ನಿರ್ದೇಶಕರು ಅತ್ತಿಗೆಯತ್ತ ತಿರುಗಿ, "ನೀವು ಹಿರಿಯರಿದ್ದೂ ನೋಡಲಿಲ್ವಾ?" ಎಂದರು.

ನಾದಿನಿ ಥಟ್ಟನೆ ಅಡ್ಡ ಬಂದಳು. "ಅವರದೇನೂ ತಪ್ಪಿಲ್ಲ ಸರ್. ಅತ್ತಿಗೇಗೆ ನಾನು ರುಚಿ ನೋಡೋಕೆ ಕೊಟ್ಟೇ ಇರಲಿಲ್ಲ."

ತಾನು ಕಾದಿದ್ದ ಗಳಿಗೆ ಬಂದಿತ್ತು. ಆದರೆ ಖುಷಿ ಬರಲಿಲ್ಲ. ನಾಚಿಕೆಯಿಂದ ಅತ್ತಿಗೆಯ ಕಿವಿ ಬಿಸಿಯಾಯಿತು.

ಎಲ್ಲರೂ ಹೋದ ಮೇಲೆ ನಾದಿನಿ ಮೆಟ್ಟಿಲ ಮೇಲೆ ಮಂಡಿಗೆ ಮುಖ ಹಚ್ಚಿ ಕೂತಿದ್ದಳು. ಅತ್ತಿಗೆ ಎದುರು ಹೋಗಿ ನಿಂತಳು.

"ನಂಗೆ ಮೊದ್ಲೇ ಗೊತ್ತಿತ್ತು. ಒಂದು ಹಣ್ಣು ಮನೆಗೆ ಒಯ್ದು ತಿಂದು ನೋಡಿದ್ದೆ."

"ನಿನ್ನೆ ನಾನು ಕೇಳ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಕಣೇ." ಸುತ್ತಿ ಬಳಸಿ ಹೇಳಲು ಅವಳಿಗೆ ಬೇರೆ ಮಾತು ಸಿಗಲಿಲ್ಲ.

ನಾದಿನಿ ಕಿರುಚಲಿಲ್ಲ. "ಎಲ್ಲರ ಮುಂದೆ ಬೈದಿದ್ರೂ ಸಹಿಸ್ಕೋತಿದ್ದೆ. ನೀವು ಕಾಯ್ತಾ ಕೂತಿದ್ರಲ್ಲ" ಎಂದು ಎದ್ದು ಹೋದಳು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಅತ್ತೆ ಕೇಳಿದರೆ, "ಸ್ವಲ್ಪ ಕೆಲಸ ಬಾಕಿ ಇದೆ ಅಮ್ಮ" ಎಂದಳು. ಆ ಮೌನವನ್ನು ತಡೆಯಲಾಗದೆ ಅತ್ತಿಗೆ ತಾನೇ ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದಳು. ಅವರು ಲೇಪದ ಕೆಲಸ ನಿಲ್ಲಿಸಿ, ಅವಳನ್ನು ನಾದಿನಿಯ ಕೈಕೆಳಗೆ ಹಾಕಿದರು: ಇನ್ನು ಮುಂದೆ ಪ್ರತಿ ಹಣ್ಣನ್ನೂ ತಿಂದು ನೋಡುವುದು ಅವಳ ಪಾಲು. ತಾನೇ ಗುಂಡಿ ಹಾಕಿದ ಕೋಟಿನ ಮುಂದೆ ಕೈಕಟ್ಟಿ ನಿಲ್ಲುವುದು ಸುಲಭವಿರಲಿಲ್ಲ. ಆದರೂ ನಿಂತಳು.

ದ್ರವದ ಪ್ರಮಾಣ ಇಳಿಸುತ್ತ ಹೋದರು. ಅತ್ತಿಗೆ ದಿನವೂ ಬೆಂಡು ಅಗಿದಳು, "ಇಲ್ಲ" ಎಂದಳು. ಕೆಲಸದ ಮಾತು ಬಿಟ್ಟು ಬೇರೆ ಮಾತೇ ಇಬ್ಬರ ನಡುವೆ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಪಾಟು ತೆರೆದಾಗ ಸೀಬೆಯ ಘಮ ಮುಖಕ್ಕೆ ರಾಚಿತು. ಬೇಕಾದಷ್ಟು ಕಾಲ ಮಲಗಿದ್ದ ಜೀನು, ದ್ರವದ ಪ್ರಭಾವ ಮುಗಿದ ಮೇಲೆ ತಾನಾಗಿ ಎದ್ದಿತ್ತು. ಇಬ್ಬರೂ ಒಂದೇ ಹಣ್ಣನ್ನು ಹಂಚಿಕೊಂಡು, ಬೀಜ ಸಮೇತ ತಿಂದರು.

ಕರವಸ್ತ್ರಕ್ಕೆ ಉಗಿದಿದ್ದ ವ್ಯಾಪಾರಿಯೇ ಮೊದಲು ಬಂದು ದ್ರವ ಒಯ್ದ. ಆ ಸುಗ್ಗಿಯಲ್ಲಿ ಮಾರುಕಟ್ಟೆಯ ಕಸದ ಗಾಡಿ ಎಷ್ಟೋ ಸಂಜೆ ಅರ್ಧ ತುಂಬಿಯೇ ಹೋಗುತ್ತಿತ್ತು.

ಪತ್ರಿಕೆಯಲ್ಲಿ ಫೋಟೋ ಬಂತು. ನಡುವೆ ನಾದಿನಿ, ತುದಿಯಲ್ಲಿ ಅತ್ತಿಗೆಯ ಭುಜ, ಅರ್ಧ ಮುಖ. ಅವಳು ಅದನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದಳು.

"ಏನು ನೋಡ್ತಿದೀರಾ?" ನಾದಿನಿ ಕೇಳಿದಳು.

"ನಿನ್ನನ್ನ. ಹೊಟ್ಟೆ ಉರೀತಿದೆ."

ನಾದಿನಿ ಅವಳ ಮುಖವನ್ನೇ ದಿಟ್ಟಿಸಿದಳು. "ಈ ಸಲ ಹೇಳಿದ್ರಲ್ಲ" ಎಂದು, ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.