ಉರಿ ನಿಂತ ಕಾಲು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಉರಿ ಹೊಸದಲ್ಲ. ಕೈ ಉರಿಯುತ್ತದೆ, ಕಣ್ಣು ಉರಿಯುತ್ತದೆ, ಮನೆಗೆ ಹೋಗಿ ಮಲಗಿದರೆ ಮೈಯೆಲ್ಲ ಉರಿಯುತ್ತದೆ. ಅದನ್ನು ಯಾರೂ ರೋಗ ಎನ್ನುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಾರೆ.

ಗದಿಗೆವ್ವನೂ ಹಾಗೆಯೇ ಸುಮ್ಮನಾಗಿದ್ದಳು. ಮದುವೆಯಾಗಿ ಬಂದಂದಿನಿಂದ ಕಾಯಿ ರಾಶಿಯ ಮುಂದೆ ಕುಳಿತವಳು. ಘಾಟಿಗೆ ಗಂಟಲು ಹಿಡಿಯಬಾರದೆಂದು ದವಡೆಯಲ್ಲಿ ಸದಾ ಒಂದು ಬೆಲ್ಲದ ಚೂರು. ಅದು ಕರಗಿದರೆ ಇನ್ನೊಂದು. ಕೂತಲ್ಲೇ ಮೈ ಬಂತು. ಮೊದಮೊದಲು ಸುಖದ ಮೈ ಅಂದರು. ಆಮೇಲೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕಾಯಿತು. ಹೋದ ವರ್ಷ ಅಂಗಾಲು ಉರಿಯತೊಡಗಿದಾಗ, ರಾಶಿ ತುಳಿದ ಉರಿ ಎಂದುಕೊಂಡು ಎಣ್ಣೆ ತಿಕ್ಕಿದಳು. ಈ ಸುಗ್ಗಿಗೆ ಉರಿ ತಾನಾಗಿ ನಿಂತಿತು. ಎಣ್ಣೆಯಿಂದಲೇ ಗುಣವಾಯಿತೆಂದು ಓಣಿಯವರಿಗೆಲ್ಲ ಹೇಳಿದಳು.

ಒಂದು ಸಂಜೆ ಕೆಲಸ ಮುಗಿಸಿ ಬಂದ ತಾಯಿಯ ಹಿಂದೆ, ಕಟ್ಟೆಯಿಂದ ಒಲೆಯವರೆಗೆ, ರಕ್ತದ ಹೆಜ್ಜೆ ಬಿದ್ದದ್ದನ್ನು ಮಗಳು ಶ್ವೇತಾ ಕಂಡಳು.

"ಯವ್ವಾ, ಕಾಲಾಗ ಏನ ಚುಚ್ಚಿಕೊಂಡೀ?"

"ಏನೂ ಇಲ್ಲಲ್ಲ."

ಶ್ವೇತಾ ಕಾಲೆತ್ತಿ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಚೀಲ ಹೊಲಿಯುವ ದಬ್ಬಣದ ಮುರುಕು ಹೂತುಹೋಗಿತ್ತು. ಸುತ್ತಲಿನ ಚರ್ಮ ಕಪ್ಪಾಗಿ ವಾಸನೆ ಬರುತ್ತಿತ್ತು. ಗದಿಗೆವ್ವ ಬೇರೆ ಯಾರದೋ ಕಾಲು ನೋಡುವಂತೆ ಅದನ್ನು ನೋಡಿದಳು.

ಪಕ್ಕದ ಮನೆಯ ಬೇನಜೀರ ಆರೋಗ್ಯ ಕೇಂದ್ರದ ನರ್ಸ್. ಶ್ವೇತಾ ಕೂಗಿದ್ದಕ್ಕೆ ಓಡಿ ಬಂದಳು.

"ದೊಡ್ಡವ್ವ, ಇದು ನಿನ್ನೆ ಮೊನ್ನೆ ಆಗಿದ್ದಲ್ಲ. ನೋವಾಗಲಿಲ್ಲೇನ?"

"ನೋವಾಗಿದ್ರ ಸುಮ್ಮನಿರತಿದ್ದೆನೇನವಾ? ಈಗ ಕಾಲು ಚೊಲೋ ಅದಾವು. ಉರೀನ ನಿಂತೈತಿ."

"ಉರಿ ನಿಂತಿದ್ದಲ್ಲ ದೊಡ್ಡವ್ವ, ನರ ಸತ್ತಾವು."

ಬೇನಜೀರ ಬೆರಳು ಚುಚ್ಚಿ ರಕ್ತ ತೆಗೆದಳು. ಸಕ್ಕರೆ ಅಳೆಯುವ ಮಷೀನಿಗೆ ಹನಿ ಹಾಕಿ ನೋಡಿದಳು.

"ಸಕ್ಕರಿ ರೋಗ ಐತಿ. ಭಾಳ ಏರೈತಿ."

"ಹೋಗವಾ! ದಿನಾ ಖಾರದಾಗ ಕುಂದ್ರಾಕಿಗೆ ಸಕ್ಕರಿ ರೋಗ ಎಲ್ಲಿಂದ ಬರತೈತಿ? ಅದು ಸಾವಕಾರ್ರಿಗೆ ಬರೂದು."

"ದವಡ್ಯಾಗ ಏನಿಟ್ಟೀ?"

"ಬೆಲ್ಲ. ಬೆಲ್ಲ ಅಂದ್ರ ಸಕ್ಕರಿ ಅಲ್ಲಲ್ಲ."

"ಮೈಗೆ ಎರಡೂ ಒಂದ. ನಾಲಿಗಿಗೆ ಸಿಹಿ ತಾಗಿದ ಕೂಡಲೇ ಆ ಸುದ್ದಿ ನರದಾಗ ಹಾದು ಮೆದುಳಿಗೆ ಹೋಗತೈತಿ. ಮೆದುಳು ಇನ್ನೊಂದು ನರದಾಗ, ಹೊಟ್ಟ್ಯಾಗಿನ ಮೇದೋಜೀರಕ ಗ್ರಂಥಿಗೆ 'ಊಟ ಬಂತು, ಇನ್ಸುಲಿನ್ ಬಿಡು' ಅಂತ ಹೇಳಿ ಕಳಸತೈತಿ. ರಕ್ತದಾಗ ಸಕ್ಕರಿ ಏರಿದ್ರ ಗ್ರಂಥಿ ಮತ್ತಷ್ಟು ಬಿಡತೈತಿ. ಇನ್ಸುಲಿನ್ ಸಕ್ಕರೀನ ಮೈಗೆ ಸೇರಸತೈತಿ. ಖರ್ಚಾಗಲಾರದ್ದು ಕೊಬ್ಬಾಗಿ ಕುಂದ್ರತೈತಿ. ನೀ ದಿನವೆಲ್ಲಾ ಕುಂತ ಬೆಲ್ಲ ಚೀಪಿದಿ, ಗ್ರಂಥಿಗೆ ಬಿಡುವ ಇಲ್ಲದಂಗಾತು. ಕೊಬ್ಬು ಬೆಳದಂಗ ಮೈ ಇನ್ಸುಲಿನ್ ಮಾತು ಕೇಳೂದು ಬಿಡತೈತಿ. ಆಗ ಸಕ್ಕರಿ ರಕ್ತದಾಗ ಉಳದು ನರಾ ತಿನ್ನತೈತಿ. ಮೊದಲ ಕಾಲು ಉರೀತಾವು, ಆಮೇಲೆ ಮರಗಟ್ಟತಾವು."

ಶ್ವೇತಾಳಿಗೆ ನಂಬಲಾಗಲಿಲ್ಲ. "ಬೆಲ್ಲ ಒಂದ ಇಷ್ಟೆಲ್ಲಾ ಮಾಡ್ತೇನ ಅಕ್ಕಾ?"

"ಅದೊಂದ ಅಲ್ಲವಾ. ತೂಕ, ಕುಂತ ಕೆಲಸ, ಮನಿತನದಾಗ ಬಂದಿದ್ದು, ಎಲ್ಲಾ ಕೂಡಿ ಆಗೈತಿ. ಉರೀ ಶುರು ಆದಾಗ ರಕ್ತ ನೋಡಿಸಿದ್ರ ಕಾಲು ಇಲ್ಲೀತನಾ ಬರತಿರಲಿಲ್ಲ. ಈಗಿಂದೀಗ ಹಾವೇರಿ ದವಾಖಾನಿಗೆ ನಡೀರಿ."

"ನಾಡದು ಹೋದ್ರಾತು. ನಾಳೆ ಕಾಯಿ ಲೋಡ ಬರತೈತಿ," ಎಂದಳು ಗದಿಗೆವ್ವ.

"ನಾಡದು ಅಂದ್ರ ಪಾದಾನ ಹೋಗತೈತಿ ದೊಡ್ಡವ್ವ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗದಿಗೆವ್ವನ ಗಂಡ ಕೊಟ್ರಪ್ಪ ರಿಕ್ಷಾ ತರಲು ಹೊರಟ.

ಹಾವೇರಿಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಸತ್ತ ನರ ಮರಳಿ ಬರುವುದಿಲ್ಲ, ಉಳಿದದ್ದನ್ನಾದರೂ ಕಾಯ್ದುಕೊಳ್ಳಿ ಎಂದರು ಡಾಕ್ಟರು. ಈಗ ಮುಳ್ಳು ತುಳಿದರೂ ಗದಿಗೆವ್ವನಿಗೆ ತಿಳಿಯುವುದಿಲ್ಲ. ಸಂಜೆ ಶ್ವೇತಾ ತಾಯಿಯ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಪರೀಕ್ಷೆ ಮಾಡಿಸಿದಾಗ ಶ್ವೇತಾಳ ರಕ್ತದಲ್ಲೂ ಸಕ್ಕರೆ ರೋಗದ ಅಂಚಿಗೆ ಬಂದದ್ದು ತಿಳಿಯಿತು. ಅವಳೂ ಕಾಯಿ ಬಿಡಿಸುವವಳೇ; ಗಂಟಲಿಗೆ ಈಗ ಬೆಲ್ಲದ ಬದಲು ಬಿಸಿನೀರು ಕುಡಿಯುತ್ತಾಳೆ, ರಾಶಿಯಿಂದ ಆಗಾಗ ಎದ್ದು ಅಡ್ಡಾಡುತ್ತಾಳೆ. ಕೊಟ್ರಪ್ಪನೂ ರಕ್ತ ತೋರಿಸಿ ಬಂದಿದ್ದಾನೆ.

ಮೊನ್ನೆ ಜೊತೆಗೆ ಕಾಯಿ ಬಿಡಿಸುತ್ತಿದ್ದ ಜಯವ್ವ ಮಾತಾಡಿಸಲು ಬಂದವಳು, ತನ್ನ ಅಂಗಾಲು ಉರಿದು ನಿದ್ದೆ ಹತ್ತುವುದಿಲ್ಲ ಎಂದು ಗೋಳಾಡಿದಳು. ಗದಿಗೆವ್ವ ಅವಳ ಕೈ ಹಿಡಿದುಕೊಂಡಳು.

"ಇನ್ನೂ ಉರೀತಾವೇನ ನಿನ್ನ ಕಾಲು? ನೀ ಪುಣ್ಯವಂತಿ. ಏಳು, ಈಗ ಹೋಗಿ ತೋರಸು."

ಅಕ್ಕಂದಿರೇ, ಅಣ್ಣಂದಿರೇ, ಅಂಗಾಲು ಉರಿದರೆ, ಜುಮ್ಮೆಂದರೆ, ಮೈ ತೂಕ ಏರುತ್ತಿದ್ದರೆ, ಅದನ್ನು ಕಾಯಿಯ ಖಾರದ ಮೇಲೆ ಹಾಕಿ ಕೂರಬೇಡಿ. ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಒಂದು ಹನಿ ರಕ್ತ ಕೊಡಿ. ಇಂದು ಮಲಗುವ ಮೊದಲು ನಿಮ್ಮ ಅಂಗಾಲನ್ನೂ, ಮನೆಯ ಹಿರಿಯರ ಅಂಗಾಲನ್ನೂ ಒಮ್ಮೆ ಮುಟ್ಟಿ ನೋಡಿ. ಮುಟ್ಟಿದ್ದು ಅವರಿಗೆ ತಿಳಿಯುತ್ತದೆಯೇ ಎಂದು ಕೇಳಿ.